ತುಪ್ಪದ ಬಿಲ್ಲೆ ಮತ್ತು ಕಾಗದದ ಟರ್ಕಿ

ಇವತ್ತು ಬೆಳಿಗ್ಗೆ ನಮ್ಮ ವಾಷಿಂಗ್ ಮಷೀನು ಟಿಣ್ ಟಿಣ್ ಎಂದು ಸದ್ದು ಮಾಡತೊಡಗಿತು. ನಾವಿರುವ ಐರಿಷ್ ಊರು ಗಾಲ್ವೇಯಲ್ಲಿ ರಿಪೇರಿಯವನನ್ನು ಕರೆಸುವುದಕ್ಕಿಂತ ಹೊಸ ಮಷೀನು ಕೊಳ್ಳುವುದೇ ಸುಲಭ ಎಂದು ಅನುಭವದಿಂದ ಬಲ್ಲ ನನ್ನ ಹೆಂಡತಿ ಶೈಲಾ, ಬಾಗಿಲ ರಬ್ಬರಿನ ಸಂದಿಗೆ ತಾನೇ ಬೆರಳು ಹಾಕಿ ತಡಕಾಡಿದಳು. ಸಾಸಿವೆಗಿಂತ ಸ್ವಲ್ಪ ದಪ್ಪನೆಯ ಸೀಸದ ಗುಂಡೊಂದನ್ನು ಹೊರತೆಗೆದು ನನ್ನ ಅಂಗೈ ಮೇಲಿಟ್ಟಳು.

“ರೀ, ನಿಮ್ಮ ಜೇಬಲ್ಲಿ ಏನೇನಿರುತ್ತೋ ದೇವ್ರೇ ಬಲ್ಲ. ಮೊನ್ನೆ ಗೋಡಂಬಿ, ಇವತ್ತು ಗುಂಡು.”

“ಡ್ಯಾಡ್, ಆರ್ ಯೂ ಇನ್ ಅ ಗ್ಯಾಂಗ್?” ಎಂದು ಮಗಳು ಅನಘಾ ಅಪ್ಪಟ ಗಾಲ್ವೇ ರಾಗದಲ್ಲಿ ಕೇಳಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬೈಗುಳವಾದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲೇ ಬರುತ್ತದೆ.

ಒಗೆಯಲು ಹಾಕಿದ್ದು ನನ್ನ ಚಳಿಗಾಲದ ಕೋಟನ್ನು. ಅದರ ಜೇಬಿನಲ್ಲಿ ಡಿಸೆಂಬರಿನಿಂದ ಅಡಗಿ ಕುಳಿತಿದ್ದ ಈ ಚರೆಗುಂಡು, ತನ್ನ ಒಡಹುಟ್ಟಿದವರ ಜೊತೆ ಕೋವಿಯ ನಳಿಗೆಯಿಂದ ಹಾರಿ ಒಂದು ಟರ್ಕಿ ಕೋಳಿಯ ತಲೆಗೆ ಬಡಿಯಬೇಕಾಗಿತ್ತು. ಹೇಗೋ ತಪ್ಪಿಸಿಕೊಂಡು ನನ್ನ ಜೇಬು ಸೇರಿ, ಈಗ ಗಂಧದ ಪರಿಮಳದ ಸೋಪಿನಲ್ಲಿ ಮಿಂದು ಮಡಿಯಾಗಿ ಬಂದಿದೆ.

ನಿಮ್ಮ ಜೇಬಿಗೂ ಕೋವಿಗೂ ಎತ್ತಣ ಸಂಬಂಧ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಾನು ಮೈಸೂರಿನ ಒಂಟಿಕೊಪ್ಪಲಿನವನು. ನಮ್ಮ ವಂಶದಲ್ಲಿ ಆಯುಧ ಎಂದರೆ ಈಳಿಗೆಮಣೆ. ದೀಪಾವಳಿಗೆ ತಗಡಿನ ಪಿಸ್ತೂಲು ಬೇಕೆಂದು ನಾನು ಹಟ ಹಿಡಿದಾಗ ನಮ್ಮಪ್ಪ ಕೇಪಿನ ಸುರುಳಿಯನ್ನು ಮಾತ್ರ ತಂದುಕೊಟ್ಟು, “ಕಲ್ಲಲ್ಲಿ ಕುಟ್ಟಿದ್ರೂ ಅದೇ ಸದ್ದು ಬರುತ್ತೆ, ಪಿಸ್ತೂಲು ಯಾಕೆ?” ಎಂದಿದ್ದರು. ಬೀದಿಯ ಹುಡುಗರೆಲ್ಲ ಪಿಸ್ತೂಲು ಹಿಡಿದು ಕಳ್ಳ ಪೊಲೀಸ್ ಆಡುತ್ತಿದ್ದರೆ ನಾನು ಮೆಟ್ಟಿಲ ಮೇಲೆ ಕೂತು ಗುಂಡುಕಲ್ಲಿನಿಂದ ಚಟ್ನಿ ಅರೆಯುವವನಂತೆ ಕೇಪು ಜಜ್ಜುತ್ತಿದ್ದೆ. ನನ್ನ ಯುದ್ಧಾನುಭವ ಅಲ್ಲಿಗೆ ಮುಗಿದಿತ್ತು.

ಅದು ಮತ್ತೆ ಶುರುವಾದದ್ದು ಪಕ್ಕದ ಮನೆಯ ಮಾರ್ಟಿನ್ ಅವರಿಂದ. ಬಸ್ ಓಡಿಸಿ ನಿವೃತ್ತರಾದವರು, ಎಪ್ಪತ್ತು ದಾಟಿದವರು. ಹೊಸದರಲ್ಲಿ ನಾನು ಅವರನ್ನು ಮಾರ್ಟಿನ್ ಅಂಕಲ್ ಎಂದು ಕರೆದಾಗ, “ಯಾರ ಕಡೆಯ ಅಂಕಲ್? ನಮ್ಮಮ್ಮ ನನಗೆ ಹೇಳಿಲ್ವಲ್ಲ!” ಎಂದು ಗಾಬರಿಯಾಗಿದ್ದರು. ಹೆಂಡತಿ ಬ್ರೈಡಿ. ಇಬ್ಬರೂ ಮಾತಾಡುವುದು ಇಂಗ್ಲಿಷೇ ಆದರೂ ಇಷ್ಟು ವರ್ಷಗಳ ಬೇಲಿಯಾಚೆಯ ಹರಟೆಯಿಂದಾಗಿ ನನ್ನ ಕಿವಿಯೊಳಗೆ ಅದು ಕನ್ನಡವಾಗಿಯೇ ಇಳಿಯುತ್ತದೆ. ಆದ್ದರಿಂದ ಇಲ್ಲಿ ಅವರು ಒಂಟಿಕೊಪ್ಪಲಿನವರ ಹಾಗೆ ಮಾತಾಡಿದರೆ ನೀವು ಅಚ್ಚರಿಪಡಬೇಡಿ.

ಮಾರ್ಟಿನ್ ಮನೆಯಲ್ಲಿ ಅವರ ಅಜ್ಜನ ಕಾಲದ ಒಂದು ಕೋವಿ ಇದೆ. ಹಕ್ಕಿ ಹೊಡೆಯಲೆಂದೇ ಮಾಡಿದ, ನನಗಿಂತ ಎತ್ತರದ ನಳಿಗೆಯ ಕೋವಿ. ಇದಕ್ಕೆ ತೋಟಾ ಹಾಕುವುದಿಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ಉಣ್ಣೆಯ ಒಂದು ಬಿಲ್ಲೆಯನ್ನು ಕೋಲಿನಿಂದ ಜಡಿದು, ಮೇಲೆ ಒಂದು ಹಿಡಿ ಚರೆ ಸುರಿದು, ಅದು ಉದುರದಂತೆ ರಟ್ಟಿನ ಮುಚ್ಚಳ ತುರುಕಬೇಕು. ಟ್ರಿಗರ್ ಎಳೆದಾಗ ಚಕಮಕಿ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಬೇಕು. ಹಾರಿದ ಕಿಡಿ ಮದ್ದಿಗೆ ತಗುಲಬೇಕು. ಅಷ್ಟು ಹೊತ್ತು ಹಕ್ಕಿ ಸೌಜನ್ಯದಿಂದ ಕಾಯಬೇಕು.

ಈಗ ಕಾಯುವ ಹಕ್ಕಿ ಕಾಗದದ್ದು. ಅಮೆರಿಕದ ಕಾಡುಗಳಲ್ಲಿ ಜನ ಮರದ ಹಿಂದೆ ಅವಿತು, ಹೆಣ್ಣು ಟರ್ಕಿಯಂತೆ ಕೂಗಿ, ಗಂಡು ಟರ್ಕಿಯನ್ನು ಮೋಸದಿಂದ ಹತ್ತಿರ ಕರೆಯುತ್ತಾರಂತೆ. ಈ ದೇಶದಲ್ಲಿ ಕಾಡು ಟರ್ಕಿಯೇ ಇಲ್ಲ. ಇರುವುದು ಕ್ರಿಸ್‌ಮಸ್‌ಗೆ ಸಾಕಿದ್ದು ಮಾತ್ರ. ಹಾಗಾಗಿ ಮಾರ್ಟಿನ್ ಅವರ ಕೋವಿ ಕ್ಲಬ್ಬಿನಲ್ಲಿ ಪ್ರತಿ ಡಿಸೆಂಬರ್‌ನಲ್ಲಿ ಟರ್ಕಿಯ ತಲೆ ಬರೆದ ದೊಡ್ಡ ಕಾಗದವನ್ನು ಹೊಲದ ತುದಿಯಲ್ಲಿ ನಿಲ್ಲಿಸುತ್ತಾರೆ. ಯಾರ ಚರೆ ತಲೆಯ ಮೇಲೂ ಕತ್ತಿನ ಮೇಲೂ ಹೆಚ್ಚು ತೂತು ಮಾಡುತ್ತದೋ ಅವರಿಗೆ ನಿಜವಾದ ಟರ್ಕಿ ಬಹುಮಾನ. ಗುರಿ ನೆಟ್ಟಗಿದ್ದರೆ ಸಾಲದು, ಚರೆ ಒತ್ತಾಗಿ ಸಮನಾಗಿ ಹರಡಬೇಕು. ಮಾರ್ಟಿನ್ ಗುರಿ ನೆಟ್ಟಗೇ ಇತ್ತು. ಚರೆ ಮಾತ್ರ ಕಾಗದದ ಮೂಲೆ ಮೂಲೆಗೂ ಹಂಚಿಹೋಗಿ, ಟರ್ಕಿಗೆ ಮೂಗುತಿ ಚುಚ್ಚಿದಷ್ಟು ಗಾಯವಾಗುತ್ತಿತ್ತು.

ಹೀಗಿದ್ದೂ ಅವರು ಪ್ರತಿ ವರ್ಷ ಟರ್ಕಿ ಗೆದ್ದು ತರುತ್ತಾರೆಂದು ಬ್ರೈಡಿ ನನಗೆ ಹೇಳಿದ್ದರು. ಇದರ ಮರ್ಮ ತಿಳಿದದ್ದು ಒಂದು ಕ್ರಿಸ್‌ಮಸ್ ವಾರದಲ್ಲಿ. ಮಾರ್ಟಿನ್ ತಮ್ಮ ಕಾರು ಕೆಟ್ಟಿದೆ ಎಂದು ನನ್ನ ಕಾರು ಹತ್ತಿದರು, ಊರಾಚೆಯ ಒಂದು ಮಾಂಸದಂಗಡಿಯ ಮುಂದೆ ನಿಲ್ಲಿಸಲು ಹೇಳಿದರು. ಒಳಗಿಂದ ಒಂದು ದೊಡ್ಡ ಟರ್ಕಿಯನ್ನು ಮಗುವಿನಂತೆ ಎತ್ತಿಕೊಂಡು ಬಂದು ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡರು.

“ರಘು, ನೀನು ಒಳ್ಳೆಯವನು. ಬ್ರೈಡಿಗೆ ಹೇಳಬೇಡ.”

ನಿವೃತ್ತರಾದ ವರ್ಷ, ನಾದಿನಿಯರೆಲ್ಲ ಕೂತಿದ್ದ ಸಭೆಯಲ್ಲಿ, ಇನ್ನು ಮೇಲೆ ಕ್ರಿಸ್‌ಮಸ್ ಟರ್ಕಿ ಅಜ್ಜನ ಕೋವಿಯಿಂದಲೇ ಬರುತ್ತದೆ ಎಂದು ಜಂಬ ಕೊಚ್ಚಿಕೊಂಡಿದ್ದರಂತೆ. ಮೊದಲ ವರ್ಷ ಸೋತು ಬರಿಗೈಯಲ್ಲಿ ಮನೆಗೆ ಹೋಗಲು ನಾಚಿಕೆಯಾಗಿ ಅಂಗಡಿಗೆ ಹೋದರು. ಬ್ರೈಡಿ ಎಷ್ಟು ಹಿಗ್ಗಿದರೆಂದರೆ ಎರಡನೆಯ ವರ್ಷ ನಿಜ ಹೇಳುವ ಧೈರ್ಯ ಬರಲಿಲ್ಲ. ಆಮೇಲೆ ಅದೇ ಮನೆಯ ಪದ್ಧತಿಯಾಯಿತು. ಹುಟ್ಟಿದಾಗಿನಿಂದ ಮೊಟ್ಟೆಯಾಚೆಗೆ ಕಾಲಿಡದ ನಾನು ಆವತ್ತಿನಿಂದ ಟರ್ಕಿ ಸಾಗಣೆಯ ಪಾಲುದಾರನಾದೆ.

ಹೋದ ವರ್ಷ ಶರತ್ಕಾಲದಲ್ಲಿ ಮಾರ್ಟಿನ್ ಬೇಲಿಯ ಬಳಿ ಬಂದು ಬಲಗೈಯನ್ನು ಮೆಲ್ಲಗೆ ಎತ್ತಿ ತೋರಿಸಿದರು. ಅದು ಕಿವಿಯವರೆಗೂ ಏಳಲಿಲ್ಲ.

“ಹೊಸ ವರ್ಷ ಆದ್ಮೇಲೆ ಭುಜಕ್ಕೆ ಆಪರೇಷನ್ನು. ಇನ್ನು ಕೋವಿ ಮುಟ್ಟೋ ಹಾಗಿಲ್ಲ ಅಂದ್ರು ಡಾಕ್ಟ್ರು. ಇದೇ ಕೊನೇ ಡಿಸೆಂಬರ್. ಒಂದೇ ಒಂದು ಸಲ, ರಘು, ಸುಳ್ಳಿಲ್ಲದ ಟರ್ಕೀನ ಅವಳ ಮುಂದೆ ಇಡಬೇಕು ಅಂತ ಆಸೆ.”

ಮನಸ್ಸು ಕರಗಿದಾಗ ನಾನು ಆಡಬಾರದ ಮಾತು ಆಡಿಬಿಡುತ್ತೇನೆ. “ನಾನು ನೋಡ್ಕೋತೀನಿ ಬಿಡಿ” ಎಂದೆ.

ಅಷ್ಟು ಗಟ್ಟಿಯಾಗಿ ಹೇಳಲು ಕಾರಣ ನನ್ನ ಉದ್ಯೋಗ. ಪಾರ್ಕ್‌ಮೋರ್‌ನ ಒಂದು ಕಂಪನಿಯಲ್ಲಿ, ಹೃದಯದ ರಕ್ತನಾಳದೊಳಗೆ ಕೂರಿಸುವ ಪುಟ್ಟ ಬಲೆಯ ಮೇಲೆ ಔಷಧಿ ಸಮನಾಗಿ ಲೇಪವಾಗಿದೆಯೇ ಎಂದು ಪರೀಕ್ಷಿಸುವುದು ನನ್ನ ಕೆಲಸ. ಎಲ್ಲೂ ಹೆಚ್ಚಾಗಬಾರದು, ಎಲ್ಲೂ ಕಡಿಮೆಯಾಗಬಾರದು. ಕೂದಲೆಳೆಯಷ್ಟು ತಂತಿಯ ಮೇಲಿನ ಹರಡಿಕೆಯನ್ನು ನೋಡುವವನಿಗೆ ಹಿಡಿ ಚರೆಯ ಹರಡಿಕೆ ಯಾವ ಲೆಕ್ಕ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಕೋವಿಯನ್ನು ನಾನು ಮುಟ್ಟುವಂತಿರಲಿಲ್ಲ. ಪರವಾನಗಿ ಅವರದು. ನನ್ನ ಪಾಲಿಗೆ ಬಂದದ್ದು ಬಿಲ್ಲೆ. ಮದ್ದಿನ ಮಸಿ ನಳಿಗೆಗೆ ಅಂಟದಿರಲೆಂದು ಉಣ್ಣೆಯ ಬಿಲ್ಲೆಗೆ ಜಿಡ್ಡು ಸವರಬೇಕು. ಮಾರ್ಟಿನ್ ಒಂದು ಡಬ್ಬಿ ಮುಂದೆ ತಳ್ಳಿದರು. ಒಳಗೆ ಜೇನುಮೇಣ ಬೆರೆಸಿದ ಕುರಿಯ ಕೊಬ್ಬಿತ್ತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

“ಕೊಬ್ಬು ಸವರಿದ ತೋಟಾ ಮುಟ್ಟಿ ಅಂದದ್ದಕ್ಕೆ ನಮ್ಮ ದೇಶದ ಸಿಪಾಯಿಗಳು ದಂಗೆ ಎದ್ದಿದ್ರು, ಗೊತ್ತಾ?” ಎಂದೆ.

“ಯಾರ ಮೇಲೆ?”

“ಇಂಗ್ಲಿಷರ ಮೇಲೆ.”

“ಹಾಗಿದ್ರೆ ಈ ಡಬ್ಬಿ ಎಸೆದುಬಿಡ್ತೀನಿ” ಎಂದು, ಇಂಗ್ಲಿಷರ ಮೇಲೆ ತಾನೂ ದಂಗೆ ಎದ್ದ ನಾಡಿನವರಾದ ಮಾರ್ಟಿನ್ ಎದ್ದೇಬಿಟ್ಟರು. “ನಿಮ್ಮಲ್ಲಿ ಏನು ಹಾಕ್ತಾರೆ?”

ನಮ್ಮಲ್ಲಿ ಯಾವುದಕ್ಕೇ ಆಗಲಿ ಹಾಕುವುದು ತುಪ್ಪ. ಐರಿಷ್ ಬೆಣ್ಣೆಯನ್ನು ಶೈಲಾ ಕಾಯಿಸಿದ ತುಪ್ಪ ಹರಳುಗಟ್ಟಿ ಜಾಡಿಯ ತುಂಬ ಇತ್ತು. ಇದರಲ್ಲಿ ನನ್ನ ತಪ್ಪೇನೂ ಇಲ್ಲ, ತುಪ್ಪವನ್ನು ಅಳೆದು ಬಡಿಸುವುದು ನಮ್ಮ ಮನೆಯಲ್ಲಿ ಅವಮಾನಕ್ಕೆ ಸಮ. “ಸಾಕು” ಎಂದವರ ಎಲೆಗೇ ಇನ್ನೊಂದು ಮಿಳ್ಳೆ ಸುರಿದು ಬೆಳೆದ ಕೈ ಇದು. ಬಿಲ್ಲೆಗಳನ್ನು ಬಿಸಿ ತುಪ್ಪದಲ್ಲಿ ಜಾಮೂನಿನಂತೆ ಮುಳುಗಿಸಿ, ಚೆನ್ನಾಗಿ ಹೀರಿಕೊಳ್ಳಲಿ ಎಂದು ಮುಚ್ಚಿಟ್ಟೆ. ಪಾರ್ಕ್‌ಮೋರ್‌ನಲ್ಲಿ ಕಲಿತ ಸಮತೋಲನವೆಲ್ಲ ಅಡುಗೆಮನೆಯ ಹೊಸಿಲಿನಾಚೆಯೇ ನಿಂತಿತ್ತು.

ಶನಿವಾರ ಕ್ಲಬ್ಬಿನ ಹೊಲದಲ್ಲಿ ಪರೀಕ್ಷೆ. ಮಾರ್ಟಿನ್ ಹೊಡೆದರು. ಬಿಳಿ ಹೊಗೆ ಮೇಲೆದ್ದಿತು, ಹಿಂದೆಯೇ ಹದವಾಗಿ ಕಾದ ತುಪ್ಪದ ಘಮ ಹೊಲದ ತುಂಬ ಹರಡಿತು. ದೂರದಲ್ಲಿ ತಮ್ಮ ಕೋವಿ ಒರೆಸುತ್ತಿದ್ದ ಇಬ್ಬರು ಸದಸ್ಯರು ಮೂಗರಳಿಸಿಕೊಂಡು ಬಂದು, “ಏನು ಬೇಯಿಸ್ತಾ ಇದ್ದೀರಿ?” ಎಂದು ಕೇಳಿದರು. ನಾವು ಕಾಗದದ ಹತ್ತಿರ ಓಡಿದೆವು. ಈ ಸಲ ಚರೆ ಮೂಲೆಗಳಿಗೆ ಹೋಗಿರಲಿಲ್ಲ. ಅಚ್ಚುಕಟ್ಟಾಗಿ ದುಂಡಗೆ, ನಡುವೆ ದೊಡ್ಡ ತೂತು ಬಿಟ್ಟು, ಉದ್ದಿನವಡೆಯ ಆಕಾರದಲ್ಲಿ ಕೂತಿತ್ತು. ಆ ತೂತಿನೊಳಗೆ ಟರ್ಕಿ ಒಂದು ಗರಿಯೂ ಕೊಂಕದೆ ನಮ್ಮನ್ನೇ ನೋಡುತ್ತಿತ್ತು. ಮೊದಲಿದ್ದ ಮೂಗುತಿಯ ಗಾಯವೂ ಇಲ್ಲ.

ಇನ್ನೊಮ್ಮೆ ಹೊಡೆದರು, ಇನ್ನೊಂದು ವಡೆ. ಮತ್ತೊಮ್ಮೆ, ಮತ್ತೊಂದು.

“ಪರವಾಗಿಲ್ಲ ಬಿಡು, ಇಟ್ಸ್ ಗ್ರ್ಯಾಂಡ್” ಎಂದರು ಮಾರ್ಟಿನ್. ಈ ದೇಶದಲ್ಲಿ ಗ್ರ್ಯಾಂಡ್ ಎಂಬ ಮಾತನ್ನು ಮದುವೆಯಲ್ಲೂ ಹೇಳುತ್ತಾರೆ, ಮನೆ ಸೋರುವಾಗಲೂ ಹೇಳುತ್ತಾರೆ. ಅವರು ಭುಜ ನೀವಿಕೊಳ್ಳುತ್ತಿದ್ದ ರೀತಿಯಿಂದ ಇದು ಎರಡನೆಯದು ಎಂದು ತಿಳಿಯಿತು.

ಮರುವಾರ ಕಾರಿನಲ್ಲಿ ಎರಡು ಗಂಟೆಗೂ ಹೆಚ್ಚು ದೂರದ ಟಾಲಾದಲ್ಲಿ ಗೆಳೆಯರೊಬ್ಬರ ಮಗುವಿನ ನಾಮಕರಣವಿತ್ತು. ಬಾಡಿಗೆಯ ಸಭಾಂಗಣದಲ್ಲಿ ಜನ ತುಂಬಿದ್ದರು. ಪುರೋಹಿತರು ಬೆಂಗಳೂರಿನಿಂದ ಲ್ಯಾಪ್‌ಟಾಪಿನಲ್ಲಿ ಮಂತ್ರ ಹೇಳುತ್ತಿದ್ದರು. ಅಕ್ಷತೆ ಹಾಕಿ ಎಂದಾಗ ನಾನು ಕೊನೆಯ ಸಾಲಿನಿಂದ ಎಸೆದೆ. ಎಂದಿನಂತೆ ಅದು ಮುಂದಿನ ಸಾಲಿನ ಒಬ್ಬರ ಬೋಳುತಲೆಯ ಮೇಲೆ ಬಿತ್ತು. ಅವರು ಆಶೀರ್ವಾದ ಪಡೆದವರಂತೆ ಹಿಂತಿರುಗಿ ನಕ್ಕರು. ಆಗ ನನಗೆ ನನ್ನ ಸೋದರಮಾವನ ಮದುವೆ ನೆನಪಾಯಿತು.

ಆ ಮದುವೆಯಲ್ಲಿ ಅಕ್ಷತೆ ಕಲಸುವ ಜವಾಬ್ದಾರಿ ನಮ್ಮ ಸುಬ್ಬತ್ತೆಯದು. ಅಕ್ಕಿಗೆ ಅರಿಸಿನ ಹಿಡಿಯಲು ಒಂದು ಹನಿ ತುಪ್ಪ ಸಾಕು. ಸುಬ್ಬತ್ತೆಗೆ ಹನಿ ಎಂಬ ಅಳತೆಯೇ ಗೊತ್ತಿಲ್ಲ, “ನಮ್ಮ ಹುಡುಗನ ಮದುವೆ, ಜಿಪುಣತನ ಯಾಕೆ?” ಎಂದು ಸೌಟಿನಲ್ಲಿ ಸುರಿದರು. ಮಾಗಿಯ ಚಳಿಗೆ ಎಲ್ಲ ಹೆಪ್ಪುಗಟ್ಟಿತು. ಗಟ್ಟಿಮೇಳ ಎಂದೊಡನೆ ಛತ್ರದಲ್ಲಿದ್ದವರೆಲ್ಲ ಎದ್ದು ಎಸೆದರೆ ಹಾರಿದ್ದು ಅಕ್ಷತೆಯಲ್ಲ, ಉಂಡೆಗಳು. ಒಂದು ಉಂಡೆ ಓಲಗದವನ ಬಾಯಿಗೆ, ಇನ್ನೊಂದು ಫೋಟೋಗ್ರಾಫರನ ಕೆನ್ನೆಗೆ. ಸುತ್ತಲಿನವರಿಗೆಲ್ಲ ಬಿತ್ತು, ನಡುವೆ ನಿಂತಿದ್ದ ವಧೂವರರಿಗೆ ಒಂದು ಕಾಳೂ ಸೋಕಲಿಲ್ಲ. “ಆಶೀರ್ವಾದ ಎಲ್ಲ ಫೋಟೋ ತೆಗೆಯೋನಿಗೇ ಹೋಯ್ತಲ್ಲೇ!” ಎಂದು ಅಜ್ಜಿ ಹಲುಬಿದ್ದರು. ಮರುವರ್ಷವೇ ಫೋಟೋಗ್ರಾಫರನಿಗೆ ಅವಳಿ ಮಕ್ಕಳಾದವು, ಸೋದರಮಾವ ಬಹಳ ಕಾಲ ಕಾಯಬೇಕಾಯಿತು. ಸುಬ್ಬತ್ತೆ ಅಜ್ಜಿಯ ಬಾಯಿಗೆ ಸಿಕ್ಕಿಬೀಳದ ಹಬ್ಬವೇ ಇರಲಿಲ್ಲ.

ಟಾಲಾದ ಸಭಾಂಗಣದಲ್ಲಿ, ಪಾಯಸದ ಲೋಟ ಹಿಡಿದು ನಿಂತಿದ್ದ ನಾನು ಹಣೆ ಚಚ್ಚಿಕೊಂಡೆ. ತುಪ್ಪ ಕುಡಿದು ಭಾರವಾದ ಬಿಲ್ಲೆ ನಳಿಗೆಯಿಂದ ಹೊರಬಿದ್ದೊಡನೆ ಹಿಂದಿನಿಂದ ಚರೆಯ ನಡುವಿಗೇ ನುಗ್ಗಿ ದಾರಿ ಮಾಡಿಕೊಳ್ಳುತ್ತಿದೆ. ಚರೆ ಪಾಪ ಪಕ್ಕಕ್ಕೆ ಸರಿಯುತ್ತಿದೆ. ಅಷ್ಟೇ ಅಲ್ಲ, ಅಕ್ಷತೆಯನ್ನು ಬಿರುಸಾಗಿ ಎಸೆದವರದ್ದು ಎಲ್ಲೆಲ್ಲೋ ಹೋಗುತ್ತದೆ, ಮೆಲ್ಲಗೆ ತೂರಿದವರದ್ದು ಮಾತ್ರ ಜೊತೆಯಾಗಿ ಇಳಿಯುತ್ತದೆ. ಮಾರ್ಟಿನ್ ಸುರಿಯುತ್ತಿದ್ದ ಮದ್ದೂ ಸುಬ್ಬತ್ತೆಯ ಸೌಟಿನದೇ ಅಳತೆ. ಗಾಲ್ವೇಗೆ ಮರಳುವ ದಾರಿಯುದ್ದಕ್ಕೂ ನಾನು ಒಬ್ಬನೇ ನಗುತ್ತಿದ್ದೆ. ಶೈಲಾ ಒಂದೆರಡು ಸಲ ನನ್ನ ಹಣೆ ಮುಟ್ಟಿ ನೋಡಿದಳು.

ಮದ್ದು ಕಡಿಮೆ ಮಾಡಿ ಎಂದಾಗ ಮಾರ್ಟಿನ್‌ಗೆ ಸಿಟ್ಟು ಬಂತು.

“ನಮ್ಮಜ್ಜ ಹಾಕ್ತಾ ಇದ್ದ ಅಳತೆ ಅದು. ಕಡಿಮೆ ಹಾಕಿದ್ರೆ ಸದ್ದೇ ಬರಲ್ಲ.”

“ಟರ್ಕಿ ಸದ್ದಿಗೆ ಸಾಯುತ್ತಾ? ನೀವು ಮದ್ದು ಕಡಿಮೆ ಮಾಡಿ, ನಾನು ತುಪ್ಪ ಕಡಿಮೆ ಮಾಡ್ತೀನಿ. ನನಗೂ ಕಷ್ಟಾನೇ.”

ಇಬ್ಬರೂ ಮನಸ್ಸಿಲ್ಲದ ಮನಸ್ಸಿನಿಂದ ಕೈ ಬಿಗಿ ಹಿಡಿದೆವು. ತೆಳ್ಳನೆಯ ಬಿಲ್ಲೆ ತಂದು ಅಂಚಿಗೆ ಮಾತ್ರ, ದೋಸೆ ಕಾವಲಿಗೆ ಎಣ್ಣೆ ಒರೆಸುವ ಹಾಗೆ, ತುಪ್ಪ ಒರೆಸಿದೆ. ಮದ್ದು ಇಳಿಸಿದಷ್ಟೂ ಭುಜಕ್ಕೆ ಬೀಳುವ ಗುದ್ದೂ ಇಳಿಯಿತು. ಉಳಿದ ಜಾಗಕ್ಕೆ ಚರೆ ಸ್ವಲ್ಪ ಹೆಚ್ಚಿಸಿದರು. ವಡೆಯ ತೂತು ವಾರದಿಂದ ವಾರಕ್ಕೆ ಮುಚ್ಚಿಕೊಳ್ಳುತ್ತಾ ಬಂದು, ಕೊನೆಗೆ ಒಂದು ಶನಿವಾರ ಕಾಗದದ ಮೇಲೆ ರವೆ ಉದುರಿಸಿದಂತೆ ಒತ್ತಾಗಿ, ಸಮನಾಗಿ, ಟರ್ಕಿಯ ತಲೆಯ ಮೇಲೆಯೇ ಬಂದು ಕೂತಿತು. ಮಾರ್ಟಿನ್ ಕಾಗದವನ್ನು ತುಂಬ ಹೊತ್ತು ನೋಡಿ, “ನಮ್ಮಜ್ಜನಿಗೆ ಇದು ಗೊತ್ತಿರ್ಲಿಲ್ಲ” ಎಂದು ಮೆಲ್ಲಗೆ ಹೇಳಿದರು.

ಪಂದ್ಯದ ದಿನ ಬಿಟ್ಟೂ ಬಿಡದೆ ಜಿನುಗುಮಳೆ. ಚಕಮಕಿ ಎರಡು ಸಲ ಚಟ್ ಎಂದು ಸುಮ್ಮನಾಯಿತು. ಮಾರ್ಟಿನ್ ಕೋವಿಯ ಚಕಮಕಿಯ ಭಾಗವನ್ನು ಕೋಟಿನ ಕೆಳಗೆ ಅಡಗಿಸಿ, ಕಲ್ಲೊರೆಸಿ, ಹೊಸ ಮದ್ದಿನ ಪುಡಿ ಹಾಕಿ ಮತ್ತೆ ಎತ್ತಿದರು. ಅವರ ತುಟಿ ನೋವಿಗೆ ಬಿಗಿದುಕೊಂಡಿತ್ತು. ನಾನು ಒಂಟಿಕೊಪ್ಪಲಿನ ದೇವರುಗಳನ್ನೆಲ್ಲ ನೆನೆದು, ಸಸ್ಯಾಹಾರಿ ದೇವರುಗಳು ಈ ವಿಷಯದಲ್ಲಿ ಸಹಾಯ ಮಾಡುತ್ತಾರೋ ಇಲ್ಲವೋ ಎಂದು ಅನುಮಾನಿಸುತ್ತಾ ನಿಂತಿದ್ದೆ. ಕಿಡಿ ಹತ್ತಿತು. ಹೊಗೆ ತಿಳಿಯಾದಾಗ ಕಾಗದದ ಟರ್ಕಿಯ ತಲೆ ಜರಡಿಯಾಗಿತ್ತು. ತೀರ್ಪುಗಾರರು ಕೆಳಗೆ ಮಾರ್ಟಿನ್ ಹೆಸರು ಬರೆದು, ಮೊದಲನೆಯ ಬಹುಮಾನ ಎಂದು ಬರೆದು, ತಾರೀಖು ಹಾಕಿ ರುಜು ಮಾಡಿದರು. ನಾವಿಬ್ಬರೂ ಆ ಮಳೆಯಲ್ಲಿ ತಬ್ಬಿಕೊಂಡೆವು. ಚೆಲ್ಲಿದ ಚರೆಗುಂಡೊಂದು ನನ್ನ ಜೇಬಿಗೆ ಬಿದ್ದದ್ದು ಆಗಲೇ ಇರಬೇಕು.

ನಮ್ಮ ಬೀದಿಯ ತಿರುವಿನಲ್ಲಿ ಮಾರ್ಟಿನ್ ಇದ್ದಕ್ಕಿದ್ದಂತೆ ಕಾರು ನಿಲ್ಲಿಸು ಎಂದರು. ತೊಡೆಯ ಮೇಲೆ ಟರ್ಕಿ, ಟರ್ಕಿಯ ಮೇಲೆ ಕಾಗದ. ಮುಖ ಮಾತ್ರ ಸಪ್ಪಗಾಗಿತ್ತು.

“ರಘು, ಇವತ್ತು ಹೋಗಿ ಈ ಕಾಗದ ತೋರಿಸಿ ನಿಜವಾಗ್ಲೂ ಗೆದ್ದೆ ಅಂದ್ರೆ, ಹಿಂದಿನ ವರ್ಷದ ಕಾಗದ ಎಲ್ಲ ಎಲ್ಲಿ ಅಂತ ಕೇಳ್ತಾಳಲ್ಲ?”

ಇಬ್ಬರು ಜಾಣರಿಗೂ ಇದು ಅಲ್ಲಿಯವರೆಗೆ ಹೊಳೆದಿರಲಿಲ್ಲ. ವೈಪರ್ ಅತ್ತಿತ್ತ ಓಡಾಡುತ್ತಿತ್ತು. ಕೊನೆಗೆ ಅವರು ಕಾಗದವನ್ನು ಸುತ್ತಿ ನನ್ನ ಕೈಗೆ ಕೊಟ್ಟು, “ನಿನ್ನ ಮನೇಲೇ ಇರ್ಲಿ, ಅವಳಿಗೆ ಹೇಳಬೇಡ” ಎಂದರು. ಎಂದಿನಂತೆ ಟರ್ಕಿ ಎತ್ತಿಕೊಂಡು ಒಳಗೆ ಹೋದರು. “ಓ, ಗೆದ್ಯಾ? ಗ್ರ್ಯಾಂಡ್. ಅಲ್ಲಿಡು” ಎಂದು ಬ್ರೈಡಿ ಎಂದಿನಂತೆ ಹೇಳಿದ್ದು ಬಾಗಿಲಲ್ಲೇ ಇದ್ದ ನನಗೆ ಕೇಳಿಸಿತು.

ಕ್ರಿಸ್‌ಮಸ್‌ನ ಮರುದಿನ ಬ್ರೈಡಿ ಕೇಕ್ ಕೊಡಲು ಬಂದವರು ನನ್ನನ್ನು ಪಕ್ಕಕ್ಕೆ ಕರೆದರು.

“ಈ ಸಲದ ಟರ್ಕಿ ಗಟ್ಟಿ ಕಣೋ. ಅವನಿಗೂ ಅದನ್ನೇ ಹೇಳ್ದೆ. ಮುಂದಿನ ವರ್ಷ ಹಳೇ ಅಂಗಡಿಗೇ ಕರ್ಕೊಂಡು ಹೋಗು.”

“ಹಳೇ ಅಂಗಡಿ?”

“ಆ ಅಂಗಡಿಯವನು ನಮ್ಮ ಚಿಕ್ಕಮ್ಮನ ಮಗ. ಪ್ರತಿ ವರ್ಷ ಫೋನ್ ಮಾಡಿ ಕೇಳ್ತಾನೆ, ಬ್ರೈಡಿ, ಈ ಸಲ ಎಷ್ಟು ದೊಡ್ಡದು ಗೆಲ್ಲಿಸ್ಲಿ ಅಂತ. ಈ ಸಲ ಫೋನೇ ಬರ್ಲಿಲ್ಲ. ನೀವಿಬ್ರೂ ಬೇರೆ ಎಲ್ಲೋ ಹೋಗಿದ್ದೀರಿ.”

ನಾನು ಬಾಯಿ ತೆರೆದೆ. ಕೊಟ್ಟ ಮಾತು ನೆನಪಾಗಿ ತೆರೆದ ಬಾಯಿಗೆ ಕೇಕ್ ತುರುಕಿಕೊಂಡೆ. ಒಬ್ಬ ಮನುಷ್ಯ ಬಾಳಿನಲ್ಲಿ ಒಮ್ಮೆ ನಿಜವಾಗಿ ಗೆದ್ದದ್ದು, ಗಟ್ಟಿ ಎನಿಸಿಕೊಂಡು ಮುಗಿದುಹೋಯಿತಲ್ಲ!

ಕಾಗದವನ್ನು ಎಲ್ಲಿಡುವುದೆಂದು ತಿಳಿಯದೆ ವಾಷಿಂಗ್ ಮಷೀನಿನ ಮೇಲಿನ ಗೋಡೆಗೆ ಅಂಟಿಸಿದ್ದೆ. ಆ ಕೋಣೆಗೆ ಹೊರಗಿನವರು ಯಾರೂ ಬರುವುದಿಲ್ಲ. ಯುಗಾದಿಯ ದಿನ ಬ್ರೈಡಿಯನ್ನು ಹೋಳಿಗೆಗೆ ಕರೆದಿದ್ದೆವು. ಮಾರ್ಟಿನ್ ಭುಜದ ವ್ಯಾಯಾಮಕ್ಕೆ ಆಸ್ಪತ್ರೆಗೆ ಹೋಗಿದ್ದರು. ಬ್ರೈಡಿ ಸಾಕು ಸಾಕು ಎನ್ನುತ್ತಿದ್ದಂತೆ ನಾನು ಅಭ್ಯಾಸಬಲದಿಂದ ಇನ್ನೊಂದು ಮಿಳ್ಳೆ ತುಪ್ಪ ಸುರಿದೆ. ಅದು ತಟ್ಟೆ ದಾಟಿ ಅವರ ಕಾರ್ಡಿಗನ್ ಮೇಲೆ ಹರಿಯಿತು. ಶೈಲಾ ನನ್ನತ್ತ ಕಣ್ಣು ಬಿಟ್ಟು, ಒರೆಸಿಕೊಡುತ್ತೇನೆಂದು ಅವರನ್ನು ಮಷೀನಿನ ಕೋಣೆಗೆ ಕರೆದೊಯ್ದಳು. ನಾನು ಹಿಂದೆಯೇ ಓಡುವಷ್ಟರಲ್ಲಿ ತಡವಾಗಿತ್ತು. ಬ್ರೈಡಿ ಕನ್ನಡಕ ಹಾಕಿಕೊಂಡು ಗೋಡೆಯ ಮುಂದೆ ನಿಂತಿದ್ದರು.

“ಇದು ಅವನದಾ?”

“ಹೌದು.”

“ಡಿಸೆಂಬರ್‌ದು. ಮೊದಲನೇ ಬಹುಮಾನ.” ತೂತುಗಳ ಮೇಲೆ ಬೆರಳಾಡಿಸಿದರು. “ಅಯ್ಯೋ, ನಾನು ಗಟ್ಟಿ ಅಂದ್‌ಬಿಟ್ಟೆನಲ್ಲೋ.”

ಅವರು ಕನ್ನಡಕ ತೆಗೆದು ಮಡಿಸಿಟ್ಟರು. “ನಾನು ನೋಡ್ದೆ ಅಂತ ಅವನಿಗೆ ಹೇಳಬೇಡ. ಪಾಪ, ಹಿಂದಿನದ್ದೆಲ್ಲ ಒಪ್ಕೋಬೇಕಾಗುತ್ತೆ.”

ಹೀಗೆ ಗಂಡನಿಗೂ ಮಾತು ಕೊಟ್ಟು ಹೆಂಡತಿಗೂ ಮಾತು ಕೊಟ್ಟು ಕೂತಿರುವ ನಾನು, ಅವರಿಬ್ಬರಿಗೂ ಕನ್ನಡ ಓದಲು ಬಾರದು ಎಂಬ ಒಂದೇ ಧೈರ್ಯದಿಂದ ಇದನ್ನು ನಿಮ್ಮ ಮುಂದೆ ಹೇಳುತ್ತಿದ್ದೇನೆ. ದಯವಿಟ್ಟು ನೀವೂ ಯಾರಿಗೂ ಹೇಳಬೇಡಿ.

ಯುಗಾದಿಯ ಮರುದಿನ ಕಸದ ಡಬ್ಬಿ ಹೊರಗಿಡುವಾಗ ಮಾರ್ಟಿನ್ ಬೇಲಿಯ ಬಳಿ ಕಾಯುತ್ತಿದ್ದರು.

“ರಘು, ಬ್ರೈಡಿ ಬಗ್ಗೆ ಸ್ವಲ್ಪ ಚಿಂತೆ ಆಗಿದೆ. ನಿನ್ನೆ ಟೀ ಕುಡೀತಾ ಇದ್ದೋಳು, ಇದ್ದಕ್ಕಿದ್ದ ಹಾಗೆ, ಕ್ರಿಸ್‌ಮಸ್ ಟರ್ಕಿ ಎಷ್ಟು ಚೆನ್ನಾಗಿತ್ತು ಅಂತಾಳೆ. ಇಷ್ಟು ವರ್ಷದಲ್ಲಿ ಅಂಥದ್ದು ತಿಂದೇ ಇಲ್ವಂತೆ. ಆಗ ಗಟ್ಟಿ ಅಂದಿದ್ಲು! ಮರೆವು ಶುರುವಾಯ್ತೇನೋ. ಡಾಕ್ಟ್ರ ಹತ್ರ ತೋರಿಸ್ಲಾ?”

“ಬೇಡ ಬಿಡಿ” ಎಂದೆ. “ಕೆಲವು ರುಚಿ ನಿಧಾನಕ್ಕೆ ಗೊತ್ತಾಗುತ್ತೆ.”

ಮಾರ್ಟಿನ್ ಯೋಚಿಸುತ್ತಾ ನಿಂತರು. ಆಮೇಲೆ, “ಚೆನ್ನಾಗಿತ್ತು ಅಂದ್ಲು” ಎಂದು ತಮಗೆ ತಾವೇ ಇನ್ನೊಮ್ಮೆ ಹೇಳಿಕೊಂಡು, ಒಳಗೆ ಹೋಗುತ್ತಾ ಬಲಗೈ ಎತ್ತಿ ನನಗೆ ಬೀಸಿದರು. ಅದು ಕಿವಿಯನ್ನೂ ದಾಟಿ ಮೇಲಕ್ಕೆ ಹೋಗಿತ್ತು.